ಕೇರಿಯ ಮಕ್ಕಳಿಗೆ ಫುಟ್‌ಬಾಲ್ ತರಬೇತಿ: ಶುರು ಮಾಡುವುದು ಹೇಗೆ?

ಚೆಂಡು, ಜೆರ್ಸಿ, ಬ್ಯಾನರ್ ಎಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ವಾರಕ್ಕೆ ಮೂರು ದಿನ, ಗೊತ್ತಾದ ಹೊತ್ತಿಗೆ, ತಪ್ಪದೆ ಮೈದಾನಕ್ಕೆ ಬರುವ ಇಬ್ಬರು ದೊಡ್ಡವರು. ಸಡಗರದಿಂದ ಶುರುವಾಗಿ ಕೆಲವೇ ತಿಂಗಳಿಗೆ ನಿಂತುಹೋದ ಶಿಬಿರಗಳನ್ನು ಈ ಮಕ್ಕಳು ಸಾಕಷ್ಟು ಕಂಡಿರುತ್ತಾರೆ. ಕೋಚ್ ಎರಡು ಸಲ ಕೈಕೊಟ್ಟರೆ ಮೂರನೇ ಸಲ ಅವರೂ ಬರುವುದಿಲ್ಲ. ಇಬ್ಬರೇ ಯಾಕೆಂದರೆ, ಒಂದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ ಉಳಿದವರ ಜೊತೆ ಇನ್ನೊಬ್ಬರು ಇರಬೇಕು. ಹೆಣ್ಣುಮಕ್ಕಳೂ ಆಡಬೇಕೆಂದಿದ್ದರೆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲಿ.

ಜಾಗ

ಹತ್ತಿರದ ಸರ್ಕಾರಿ ಶಾಲೆಯ ಅಂಗಳವೇ ಒಳ್ಳೆಯದು. ಮುಖ್ಯ ಶಿಕ್ಷಕರ ಬಾಯಿಮಾತಿನ ಒಪ್ಪಿಗೆ ಸಾಲದು. ಅವರಿಗೆ ವರ್ಗವಾದರೆ ಜಾಗ ಹೋಯಿತು. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಅರ್ಜಿ ಕೊಟ್ಟು, ಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಯಾವ ದಿನ, ಎಷ್ಟು ಹೊತ್ತು, ಗೇಟಿನ ಬೀಗದ ಕೈ ಯಾರ ಬಳಿ, ಶೌಚಾಲಯ ತೆರೆದಿರುತ್ತದೆಯೇ ಎಂಬ ನಾಲ್ಕೂ ಅದರಲ್ಲಿರಲಿ. ಶೌಚಾಲಯ ಇಲ್ಲದ ಮೈದಾನಕ್ಕೆ ದೊಡ್ಡ ಹುಡುಗಿಯರು ಹೆಚ್ಚು ದಿನ ಬರುವುದಿಲ್ಲ.

ಮೈದಾನ ಚಿಕ್ಕದೆಂದು ಹಿಂಜರಿಯಬೇಡಿ. ಬೆಂಗಳೂರಿನ ಗೌತಮಪುರ ಬ್ರೆಜಿಲ್ ಆಟಗಾರ ಪೆಲೆಯ ಪ್ರತಿಮೆ ನಿಲ್ಲಿಸುವಷ್ಟು ಫುಟ್‌ಬಾಲ್ ಹುಚ್ಚಿನ ಕೇರಿ. ಅಲ್ಲೂ ಮಕ್ಕಳಿಗಿರುವುದು ಇಕ್ಕಟ್ಟಿನ ಜಾಗವೇ. ನಾಲ್ವರಿಗೆ ನಾಲ್ವರಂತೆ ಆಡಲು 25 ಮೀಟರ್ ಉದ್ದ, 15 ಮೀಟರ್ ಅಗಲ ಸಾಕು. ಮೊದಲ ದಿನವೇ ಇಡೀ ಅಂಗಳ ಬರಿಗಾಲಲ್ಲಿ ನಡೆದು ಗಾಜು, ಮೊಳೆ, ಜಲ್ಲಿಕಲ್ಲು ಆರಿಸಿ. ಪ್ರತಿ ಆಟಕ್ಕೂ ಮುಂಚೆ ಮತ್ತೊಮ್ಮೆ ನೋಡಿ. ಗೆರೆ ಎಳೆಯಲು ಸುಣ್ಣ ಬೇಡ: ಬೆವರು ಸೋಕಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಕಲ್ಲಿನ ರಂಗೋಲಿ ಪುಡಿ ಸಾಕು.

ಸಾಮಾನು

24 ಮಕ್ಕಳಿಂದ ಶುರು ಮಾಡಿ. ಎಂಬತ್ತು ಜನ ಬಂದರೆಂದು ಎಲ್ಲರನ್ನೂ ಸೇರಿಸಿಕೊಂಡರೆ ಮಕ್ಕಳು ಸಾಲಿನಲ್ಲಿ ನಿಂತು ಕಾಯುತ್ತಾರೆ, ಕಾಯುವಾಗ ಜಗಳವಾಡುತ್ತಾರೆ. ಉಳಿದವರ ಹೆಸರು ಬರೆದುಕೊಂಡು, ಇನ್ನಿಬ್ಬರು ದೊಡ್ಡವರು ಸಿಕ್ಕಾಗ ಎರಡನೇ ತಂಡ ಕಟ್ಟಿ.

ಇಬ್ಬರಿಗೆ ಒಂದರಂತೆ 12 ಚೆಂಡು ಬೇಕು. ಎಂಟು ವರ್ಷದೊಳಗಿನವರಿಗೆ 3ನೇ ಸೈಜ್, 8ರಿಂದ 12ಕ್ಕೆ 4, ಆಮೇಲೆ 5. ಒರಟು ನೆಲದಲ್ಲಿ ಹೊಲಿಗೆಯ ಚೆಂಡು ಬೇಗ ಕಿತ್ತುಹೋಗುತ್ತದೆ, ಅಲ್ಲಿಗೆ ಅಚ್ಚಿನ ರಬ್ಬರ್ ಚೆಂಡೇ ಲೇಸು. ಗಾಳಿ ತುಂಬುವಾಗ ಸೂಜಿಯನ್ನು ಒದ್ದೆ ಮಾಡಿ ಚುಚ್ಚಿ. ಒಣ ಸೂಜಿ ವಾಲ್ವ್ ಹರಿಯುತ್ತದೆ, ಒಳ್ಳೆಯ ಚೆಂಡುಗಳು ಹಾಳಾಗುವುದು ಹೆಚ್ಚಾಗಿ ಹೀಗೇ. ಇದಲ್ಲದೆ ತಂಡ ಗುರುತಿಸಲು ಅಂಗಿಯ ಮೇಲೆ ತೊಡುವ ಎರಡು ಬಣ್ಣದ 24 ಬಿಬ್, ಗಡಿ ಗುರುತಿಗೆ ನೆಲದ ಮೇಲಿಡುವ 30 ಪ್ಲಾಸ್ಟಿಕ್ ಮಾರ್ಕರ್, ಒಂದು ಪಂಪ್, ನಾಲ್ಕು ಸೂಜಿ. ಗೋಲಿಗೆ ಎರಡು ಮಾರ್ಕರ್ ನಡುವೆ ಎರಡು ಮೀಟರ್ ಸಾಕು. ಕಬ್ಬಿಣದ ಗೋಲ್‌ಪೋಸ್ಟನ್ನು ನೆಲಕ್ಕೆ ಬಿಗಿಯದೆ ಇಡಲೇಬೇಡಿ. ಮಕ್ಕಳು ಅಡ್ಡಪಟ್ಟಿಗೆ ಜೋತುಬಿದ್ದಾಗ ಅದು ಮಗುಚಿಕೊಂಡು ಪ್ರಾಣಕ್ಕೇ ಕುತ್ತಾಗುತ್ತದೆ.

ಗಟ್ಟಿ ಮಣ್ಣಿನಲ್ಲಿ ಸ್ಟಡ್ ಬೂಟು (ಅಡಿಯಲ್ಲಿ ಗುಬುಟುಗಳಿರುವ ಬೂಟು) ಜಾರುತ್ತದೆ, ಬರಿಗಾಲಿನವರ ಪಾದ ತುಳಿದರೆ ಗಾಯ. ಎಲ್ಲರೂ ಕ್ಯಾನ್ವಾಸ್ ಶೂ ಹಾಕಲಿ. ಎಲ್ಲರಿಗೂ ಕೊಡಿಸುವಷ್ಟು ದುಡ್ಡು ಸೇರುವತನಕ ಎಲ್ಲರೂ ಬರಿಗಾಲಲ್ಲೇ ಆಡಲಿ.

ದಿನದ ತರಬೇತಿ: 75 ನಿಮಿಷ

ಓಟ, ಕವಾಯತಿನಿಂದ ಶುರು ಮಾಡಬೇಡಿ. ಬಂದ ತಕ್ಷಣ ಇಬ್ಬಿಬ್ಬರಿಗೆ ಒಂದು ಚೆಂಡು ಕೊಟ್ಟು 15 ನಿಮಿಷ ಬಿಡಿ: ಪಾಸ್ ಕೊಡುವುದು, ಒಬ್ಬರನ್ನೊಬ್ಬರು ತಪ್ಪಿಸಿ ಓಡುವುದು. ನಂತರ 20 ನಿಮಿಷ ಒಂದೇ ಒಂದು ಕೌಶಲ, ಅದೂ ಆಟದ ರೂಪದಲ್ಲಿ. ಉಳಿದದ್ದರಲ್ಲಿ 30 ನಿಮಿಷ ನಾಲ್ವರ ಪಂದ್ಯ, ಮೂರು ಅಂಕಣಗಳಲ್ಲಿ ಏಕಕಾಲಕ್ಕೆ. ಹನ್ನೊಂದರ ಪಂದ್ಯದಲ್ಲಿ ಕಲಿಯುತ್ತಿರುವ ಮಗುವಿನ ಕಾಲಿಗೆ ಚೆಂಡು ಸಿಗುವುದೇ ಅಪರೂಪ. ನಾಲ್ವರಲ್ಲಿ ಯಾರೂ ಅಡಗಿ ನಿಲ್ಲಲಾಗದು. 15 ನಿಮಿಷಕ್ಕೊಮ್ಮೆ ನೀರು ಕುಡಿಸಿ; ಇಷ್ಟು ಮಕ್ಕಳಿಗೆ 20 ಲೀಟರಿನ ಒಂದು ಕ್ಯಾನ್ ಆಗುತ್ತದೆ.

ಸಂಜೆ ಬರುವ ಮಗು ಮಧ್ಯಾಹ್ನದ ಬಿಸಿಯೂಟದ ನಂತರ ಏನೂ ತಿಂದಿರುವುದಿಲ್ಲ, ಭಾನುವಾರ ಬೆಳಿಗ್ಗೆ ಬರುವ ಮಗು ತಿಂಡಿಯನ್ನೇ ಕಂಡಿರುವುದಿಲ್ಲ. ತಲೆ ಸುತ್ತಿ ಬೀಳುವುದು, ಸಿಡುಕುವುದು ಬಹಳ ಸಲ ಹಸಿವಿನಿಂದ. ಆಟಕ್ಕೆ ಅರ್ಧ ಗಂಟೆ ಮುಂಚೆ ಬಾಳೆಹಣ್ಣು, ಮುಗಿದ ಮೇಲೆ ಬೇಯಿಸಿದ ಮೊಟ್ಟೆ ಅಥವಾ ಕಡಲೆಬೀಜದ ಚಿಕ್ಕಿ ಕೊಡಿ. ಖರ್ಚಿನ ಪಟ್ಟಿಯಲ್ಲಿ ದೊಡ್ಡ ಪಾಲು ಇದಕ್ಕೂ ಕೋಚ್ ಗೌರವಧನಕ್ಕೂ ಇರಬೇಕು. ದಾನಿಗಳು ಜೆರ್ಸಿ ಕೊಡಲು ಮುಂದಾಗುತ್ತಾರೆ. ಅದೇ ಹಣಕ್ಕೆ ಆರು ತಿಂಗಳ ಮೊಟ್ಟೆ ಕೇಳಿ.

ಮನೆಯವರು, ಹೆಣ್ಣುಮಕ್ಕಳು

ಪ್ರತಿ ಮಗುವಿನ ಮನೆಗೂ ಹೋಗಿ ಅಪ್ಪ, ಅಮ್ಮ ಅಥವಾ ಅಜ್ಜಿಯ ಸಹಿ ತನ್ನಿ. ಸಂಜೆ ನೀರು ಹಿಡಿಯುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಹುಡುಗಿಯರ ಪಾಲಿನ ಕೆಲಸವಾಗಿರುತ್ತದೆ. ನಲ್ಲಿ ನೀರು ಬರುವ ಹೊತ್ತು ಕೇಳಿಕೊಂಡು ವೇಳೆ ಇಡಿ. ಎಳೆಯ ತಮ್ಮನನ್ನು ಜೊತೆಗೆ ಕರೆತರಲು ಬಿಡಿ, ಅಂಚಿನಲ್ಲಿ ಚಾಪೆ ಹಾಸಿ ಕೂರಿಸಿ. ಚಡ್ಡಿ ಕಡ್ಡಾಯ ಮಾಡಬೇಡಿ, ಟ್ರ್ಯಾಕ್ ಪ್ಯಾಂಟಿನಲ್ಲೂ ಆಡಬಹುದು. ಕತ್ತಲಾಗುವ ಮೊದಲೇ ಮುಗಿಸಿ.

ಯಾವ ದೊಡ್ಡವರೂ ಒಂದೇ ಮಗುವಿನೊಂದಿಗೆ ಕೋಣೆಯಲ್ಲಾಗಲೀ ವಾಹನದಲ್ಲಾಗಲೀ ಒಬ್ಬರೇ ಇರಬಾರದೆಂಬ ನಿಯಮವನ್ನು ಬರೆದು ಗೋಡೆಗೆ ಹಚ್ಚಿ. ಪಕ್ಕದಲ್ಲೇ ಮಕ್ಕಳ ಸಹಾಯವಾಣಿ 1098, ಆಂಬುಲೆನ್ಸ್ 108. ತರಚಿದರೆ ಸೋಪು ನೀರಿನಲ್ಲಿ ತೊಳೆಯಿರಿ. ತಲೆಗೆ ಪೆಟ್ಟಾದರೆ ಆ ದಿನ ಆಟ ನಿಲ್ಲಿಸಿ ಮನೆಯವರಿಗೆ ತಿಳಿಸಿ. ವಾಂತಿ, ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ.

ಟೂರ್ನಿಗೆ ಮುನ್ನ

ಮೊದಲ ಆರು ತಿಂಗಳು ಹೊರಗಿನ ಟೂರ್ನಿ ಬೇಡ. ಚೆನ್ನಾಗಿ ಆಡುವ ಏಳು ಮಂದಿಯನ್ನು ಆರಿಸಿದ ದಿನವೇ ಉಳಿದ ಹದಿನೇಳು ಮಕ್ಕಳು ಮನೆಯ ದಾರಿ ಹಿಡಿಯುತ್ತಾರೆ. ಹೋಗುವುದಾದರೆ ಹಾಜರಾತಿ ನೋಡಿ ಸರದಿಯಂತೆ ಕರೆದೊಯ್ಯಿರಿ. ಅಷ್ಟರೊಳಗೆ ಜನನ ಪ್ರಮಾಣಪತ್ರ ಇಲ್ಲದವರ ಪಟ್ಟಿ ಮಾಡಿಡಿ. ವಯೋಮಿತಿಯ ಲೀಗ್‌ಗಳಲ್ಲಿ ಅದನ್ನು ಕೇಳುತ್ತಾರೆ. ಹುಟ್ಟಿ ವರ್ಷ ಮೀರಿದ ಮೇಲೆ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಹಾಗಾಗಿ ಮಗು ಸೇರಿದ ವಾರವೇ ಆ ಅರ್ಜಿ ಹಾಕಿಸಿ.