ವಿರಹದ ಹಾಡು ಹಾಡುವಾಗ ಗಂಟಲು ಕಟ್ಟದಿರಲು

ಗಣಪತಿ ಹಬ್ಬ ಬಂತೆಂದರೆ ಚಿಕ್ಕಮಗಳೂರು ಸುತ್ತಮುತ್ತ ನಮ್ಮ ಆರ್ಕೆಸ್ಟ್ರಾಗೆ ಬಿಡುವೇ ಇರುವುದಿಲ್ಲ. ರಾತ್ರಿ ಒಂಬತ್ತು ದಾಟಿದ ಮೇಲೆ ವೇದಿಕೆಗೆ ಬರುವ ಚೀಟಿಗಳಲ್ಲಿ ಕುಣಿತದ ಹಾಡು ಕಡಿಮೆ, ಬಿಟ್ಟುಹೋದವರ ಹಾಡು ಜಾಸ್ತಿ. ‘ನೂರೊಂದು ನೆನಪು’ ಕೇಳದ ಊರಿಲ್ಲ. 1984ರ ‘ಬಂಧನ’ ಸಿನಿಮಾದ ಹಾಡು ಅದು. ಜಯಗೋಪಾಲ್ ಬರೆದು, ರಂಗರಾವ್ ರಾಗ ಹಾಕಿ, ಎಸ್ಪಿಬಿ ಹಾಡಿದ್ದು. ಚೀಟಿ ಕಳಿಸಿದವರು ಹಿಂದೆ ಎಲ್ಲೋ ಕೈಕಟ್ಟಿ ನಿಂತಿರುತ್ತಾರೆ. ಅವರಿಗೋಸ್ಕರ ಚೆನ್ನಾಗಿ ಹಾಡಬೇಕು.

ಮೊದಲು ಶ್ರುತಿ. ಗಂಡಸರು ಹಾಡಿದ್ದನ್ನು ನಮ್ಮಂಥ ಹೆಣ್ಣುಮಕ್ಕಳು ಅದೇ ಶ್ರುತಿಯಲ್ಲಿ ಹಾಡಲು ಹೋದರೆ ಕೆಳಗಿನ ಸ್ವರ ಕೇಳಿಸುವುದಿಲ್ಲ, ಇಲ್ಲವೇ ಮೇಲಿನದು ಕಿರುಚಿದ ಹಾಗಾಗುತ್ತದೆ. ಕೀಬೋರ್ಡಿನವರಿಗೆ ಟ್ರಾನ್ಸ್‌ಪೋಸ್ ಮಾಡಲು, ಅಂದರೆ ಇಡೀ ಹಾಡಿನ ಶ್ರುತಿಯನ್ನು ಏರಿಸಲು ಇಲ್ಲವೇ ಇಳಿಸಲು ಹೇಳಿ. ಅದರ ಗುಂಡಿಯನ್ನು ಒಂದು ಸಲ ಒತ್ತಿದರೆ ಶ್ರುತಿ ಅರ್ಧ ಸ್ವರ ಬದಲಾಗುತ್ತದೆ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿ ನೋಡಿ. ಅದು ಆರಾಮಾಗಿ ಬಂದರೆ ಅದೇ ನಿಮ್ಮ ಶ್ರುತಿ.

ಆಮೇಲೆ ರಾಗ ಬಿಟ್ಟು ಸಾಹಿತ್ಯವನ್ನು ಸುಮ್ನೆ ಗಟ್ಟಿಯಾಗಿ ಓದಿ, ಅಕ್ಕನಿಗೆ ವಿಷಯ ಹೇಳುವ ಹಾಗೆ. ಮಾತಾಡುವಾಗ ಎಲ್ಲಿ ನಿಲ್ಲುತ್ತೀರೋ ಅಲ್ಲೇ ಉಸಿರು ತೆಗೆದುಕೊಳ್ಳಬೇಕು. ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಪದದ ನಡುವೆ ಉಸಿರೆಳೆದರೆ ಅರ್ಥ ಮುರಿಯುತ್ತದೆ. ‘ಹೃದಯ’ದ ಹ ನುಂಗಬೇಡಿ, ನಮ್ಮ ಕಡೆ ಅದು ಬೇಗ ಜಾರಿಹೋಗುತ್ತದೆ. ಭ, ಫ ಬಂದಾಗ ಮೈಕನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಡಬ್ ಅನ್ನುತ್ತದೆ.

ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಬೇಡಿ. ಅಲ್ಲಿನ ಪ್ರತಿಧ್ವನಿ ತಪ್ಪನ್ನೆಲ್ಲ ಮುಚ್ಚಿಬಿಡುತ್ತದೆ. ನಾನು ಲೆಕ್ಕ ಬರೆಯುವ ಗೋದಾಮಿನಲ್ಲಿ ಸಂಜೆ ಬಾಗಿಲು ಹಾಕುವ ಮುಂಚೆ ಕಾಫಿ ಮೂಟೆಗಳ ನಡುವೆ ನಿಂತು ಹಾಡುತ್ತೇನೆ. ಗೋಣಿ ಸದ್ದನ್ನು ಹೀರಿಕೊಳ್ಳುತ್ತದೆ. ಉಳಿಯುವುದು ನನ್ನ ಬರೀ ಗಂಟಲು. ಮೂಟೆ ಸಿಗದಿದ್ದರೆ ಬಟ್ಟೆ ತುಂಬಿದ ಬೀರು ತೆರೆದು ಅದರ ಮುಂದೆ ನಿಲ್ಲಿ.

ಇನ್ನು ಅಳು. ಕಷ್ಟ ಇರುವುದು ಇಲ್ಲೇ.

ಆರು ವರ್ಷದ ಹಿಂದೆ ಬೇಲೂರು ರಸ್ತೆಯ ಒಂದು ಪೆಂಡಾಲಿನಲ್ಲಿ ನಾನು ಇದೇ ಹಾಡು ಹಾಡುತ್ತಿದ್ದೆ. ನಾನು ಇಷ್ಟಪಟ್ಟಿದ್ದವನಿಗೆ ಬೇರೆ ಕಡೆ ನಿಶ್ಚಿತಾರ್ಥವಾಗಿ ಹದಿನೈದು ದಿನವಾಗಿತ್ತು. ಮೊದಲ ಚರಣ ದಾಟಿದೆ. ಎರಡನೆಯದರಲ್ಲಿ ಅವನ ಮುಖ ಕಣ್ಣ ಮುಂದೆ ಬಂತು, ದನಿಯೇ ಹೊರಡಲಿಲ್ಲ. ತಬಲಾ ಅಣ್ಣ ತಾಳ ಬಿಡಲಿಲ್ಲ. ಕೊಳಲಿನವರು ನನ್ನ ಸಾಲನ್ನು ನುಡಿಸಿ ಕೊನೆ ಮುಟ್ಟಿಸಿದರು. ಅವರಿಬ್ಬರ ಉಪಕಾರ ನಾನು ಮರೆತಿಲ್ಲ.

ಅಳು ಬಂದಾಗ ಗಂಟಲು ಬಿಗಿಯುತ್ತದೆ, ಉಸಿರು ಎದೆಯ ಮೇಲೇ ನಿಂತುಬಿಡುತ್ತದೆ, ಶ್ರುತಿ ಇಳಿಯುತ್ತದೆ. ಆದ್ದರಿಂದ ಮನೆಯಲ್ಲೇ ಅತ್ತು ಮುಗಿಸಿ. ತಡೆಯಬೇಡಿ, ಎಷ್ಟು ಸಲ ಬಂದರೂ ಅಳಿ, ಮತ್ತೆ ಮೊದಲಿನಿಂದ ಹಾಡಿ. ನನಗೆ ಹನ್ನೊಂದು ದಿನ ಹಿಡಿಯಿತು. ವೇದಿಕೆಯ ಮೇಲೆ ಮಾತ್ರ ಮುಖವನ್ನು ನೆನೆಯಬೇಡಿ, ಒಂದು ವಸ್ತುವನ್ನು ನೆನೆಯಿರಿ. ನಾನು ಚಿಕ್ಕಮಗಳೂರಿನ ರತ್ನಗಿರಿ ಬೋರೆ ಪಾರ್ಕಿನಲ್ಲಿ ನಾವು ಕೂರುತ್ತಿದ್ದ ಬೆಂಚನ್ನು ನೆನೆಯುತ್ತೇನೆ. ಮಳೆ ನಿಂತಿದೆ, ಬೆಂಚು ಒದ್ದೆಯಾಗಿದೆ, ಅದರ ಮೇಲೆ ಯಾರೂ ಇಲ್ಲ. ಮುಖ ನೆನೆದರೆ ಗಂಟಲು ಕಟ್ಟುತ್ತದೆ. ಬೆಂಚು ನೆನೆದರೆ ದನಿ ತಾನಾಗೇ ಮೆತ್ತಗಾಗುತ್ತದೆ.

ಎಕೋ ಜಾಸ್ತಿ ಹಾಕಿಸಬೇಡಿ, ಪದ ಕಲಸಿಹೋಗುತ್ತದೆ. ಬಿಕ್ಕುವುದನ್ನು, ನಿಟ್ಟುಸಿರನ್ನು ನೀವಾಗಿ ಸೇರಿಸಬೇಡಿ. ಹಾಡಿನಲ್ಲಿ ಬೇಕಾದಷ್ಟು ನೋವು ಆಗಲೇ ಇದೆ, ಅಲ್ವಾ?

ತಂಡದವರಿಗೆ ಒಂದು ಮಾತು ಮೊದಲೇ ಹೇಳಿಡಿ. ಇದು ಮುಗಿದ ತಕ್ಷಣ ತಮಟೆ ಬೀಟಿನ ಹಾಡು ಶುರುಮಾಡುವುದು ಬೇಡ. ಕೊಳಲಿನವರು ಪಲ್ಲವಿಯನ್ನು ಇನ್ನೊಂದು ಸಲ ಮೆಲ್ಲಗೆ ನುಡಿಸಲಿ. ಹಿಂದೆ ನಿಂತವರಿಗೆ ಕಣ್ಣೊರೆಸಿಕೊಳ್ಳಲು ಅಷ್ಟು ಹೊತ್ತು ಬೇಕು.