ಮೊದಲ ಲಿಸ್ಟ್ ಬಿದ್ದ ಮೇಲಿನ ಹತ್ತು ದಿನ: ಪಿಜಿ ಅಡ್ಮಿಷನ್‌ನಲ್ಲಿ ನನ್ನ ಅನುಭವ

ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಪಿಜಿ ಅಡ್ಮಿಷನ್ ಜವಾಬ್ದಾರಿ ನನ್ನ ಹೆಗಲಿಗೆ ಬಂದು ಐದು ವರ್ಷ ಆಯ್ತು. ರೋಸ್ಟರ್, ಅಂದ್ರೆ ಯಾರಿಗೆ ಎಷ್ಟು ಸೀಟು ಮೀಸಲು ಅನ್ನೋ ಪಟ್ಟಿ, ನಿಮಗೆ ಗೊತ್ತೇ ಇದೆ, ಸಂವಿಧಾನದ 371(ಜೆ) ವಿಧಿ ಪ್ರಕಾರ ಈ ಭಾಗದವರಿಗೆ 70 ಪರ್ಸೆಂಟ್, 2016ರ ಕಾಯ್ದೆ ಪ್ರಕಾರ ಅಂಗವಿಕಲರಿಗೆ 5, ಕಾಗದದ ಮೇಲೆ ಎಲ್ಲಾ ಸರಿ. ಆದ್ರೆ ಶುರುವಿನಲ್ಲಿ ಕೊನೇ ರೌಂಡ್ ಮುಗಿಯೋ ಹೊತ್ತಿಗೆ ಸೈನ್ಸ್ ವಿಭಾಗಗಳಲ್ಲಿ 40 ಎಸ್ಟಿ ಸೀಟಲ್ಲಿ 22 ಖಾಲಿ.

ಮೊದಲನೇ ವರ್ಷ ಕಲರ್ ಬ್ರೋಷರ್ ಹೊಡೆಸಿದೆ, ಹದಿನೆಂಟು ಸಾವಿರ ಹೋಯ್ತು, ಒಂದು ಅಡ್ಮಿಷನ್ನೂ ಹೆಚ್ಚಾಗ್ಲಿಲ್ಲ. ಎರಡನೇ ವರ್ಷ ಆನ್‌ಲೈನ್ ಮೀಟಿಂಗ್ ಇಟ್ರೆ ಬಂದವರೆಲ್ಲ ಸಿಟಿ ಹುಡುಗ್ರೇ. ಆಮೇಲೆ ಲಿಸ್ಟಲ್ಲಿ ಹೆಸರು ಬಂದೂ ಸೇರದೇ ಇದ್ದವರಿಗೆ, ಸುಮಾರು ಅರವತ್ತು ಜನ, ಒಬ್ಬೊಬ್ಬರಿಗೂ ನಾನೇ ಫೋನ್ ಮಾಡ್ದೆ. ದೇವದುರ್ಗ ಕಡೆಯ ಒಬ್ಬ ತಂದೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಸರ, ಸೀಟ್ ಸಿಕ್ಕೈತ್ರಿ ಖರೆ, ಹುಡುಗಿ ರಾತ್ರಿ ಎಲ್ಲಿ ಇರ್ಬೇಕ್ರಿ?" ನಮ್ಮ ಹಾಸ್ಟೆಲ್ ಲಿಸ್ಟ್ ಬರ್ತಿದ್ದಿದ್ದು ಅಡ್ಮಿಷನ್ ಆಗಿ ತಿಂಗಳ ಮೇಲೆ!

ಹಾಗಾಗಿ ಫೀ ಕಟ್ಟೋ ಟೇಬಲ್ ಪಕ್ಕದಲ್ಲೇ ಹಾಸ್ಟೆಲ್ ಟೇಬಲ್ ಹಾಕಿಸ್ದೆ, ಅವತ್ತೇ ರೂಮ್ ನಂಬರ್ ಬರೆದುಕೊಡೋದು. ಇದು ಆಗೋ ಮಾತಲ್ಲ ಅಂದವರೇ ಜಾಸ್ತಿ. ವಾರ್ಡನ್‌ಗಳನ್ನ ಹೇಗೆ ಒಪ್ಪಿಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕಾಗ ಹೇಳ್ತೀನಿ.

ಎರಡನೇದು ರೊಕ್ಕ. ಸ್ಕಾಲರ್‌ಶಿಪ್ ಬರೋದು ಆಮೇಲೆ, ಫೀ ಕಟ್ಟೋದು ಈಗ. ನಾವು ಎಂಬತ್ತು ಚಿಲ್ಲರೆ ಜನ ಸ್ಟಾಫ್ ತಲಾ ಸಾವಿರ ಹಾಕಿ ಕೈಗಡ ಕೊಟ್ವಿ, ಸ್ಕಾಲರ್‌ಶಿಪ್ ಬಂದಾಗ ವಾಪಸ್ ಕೊಡೋ ಮಾತು. ಹನ್ನೊಂದು ಸಾವಿರದಷ್ಟು ಬರ್ಲಿಲ್ಲ, ಉಳಿದಿದ್ದೆಲ್ಲ ಬಂತು, ಮೊದಲು ಕೊಡೋದೇ ಇಲ್ಲ ಅಂದಿದ್ದ ಸ್ಟಾಫ್ ಮರುವರ್ಷ ತಾವೇ ಕರೆದು ಎರಡೆರಡು ಸಾವಿರ ಕೊಟ್ರು.

ಸರ್ಟಿಫಿಕೇಟ್ ವಿಷಯದಲ್ಲಿ ಮಾತ್ರ ಇನ್ನೂ ತಲೆನೋವು. 371(ಜೆ) ಅರ್ಹತಾ ಪತ್ರ ಕೊಡೋದು ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸು, ಹುಡುಗ್ರು ತರೋದು ನಾಡಕಚೇರಿಯ ವಾಸಸ್ಥಳ ಪತ್ರ. ಅದಕ್ಕೇ ಈಗ ಫೆಬ್ರವರಿಯಲ್ಲೇ ಸುರಪುರ, ಲಿಂಗಸುಗೂರು, ಮಾನ್ವಿ ಡಿಗ್ರಿ ಕಾಲೇಜುಗಳಿಗೆ ಹೋಗಿ ಫೈನಲ್ ಇಯರ್‌ನವರ ಫೈಲ್ ಒಂದೊಂದೇ ತೆಗೆದು ನೋಡ್ತೀನಿ, ಪೆಟ್ರೋಲ್ ನನ್ನದೇ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಕಣ್ಣು ಕಾಣದ ಇಬ್ಬರು ಹುಡುಗ್ರು ಎಂಎ ಸೇರಿದ್ರು, ಲೈಬ್ರರಿಯ ಹಳೇ ಕಂಪ್ಯೂಟರ್‌ಗಳಿಗೆ ಎನ್‌ವಿಡಿಎ, ಅಂದ್ರೆ ಪರದೆ ಮೇಲಿನ ಅಕ್ಷರ ಓದಿ ಹೇಳೋ ಸಾಫ್ಟ್‌ವೇರ್, ಹಾಕಿದೆ, ಅದು ಫ್ರೀ, ಖರ್ಚಾಗಿದ್ದು ಹೆಡ್‌ಫೋನಿಗೆ ಮಾತ್ರ. ಆದ್ರೆ ನಮ್ಮ ಮೇಷ್ಟ್ರುಗಳ ನೋಟ್ಸ್ ಎಲ್ಲಾ ಹಳೇ ನುಡಿ ಫಾಂಟಲ್ಲಿ, ಓದಿಸಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕೇಳ್ಸುತ್ತೆ, ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಮೌನ. ಒಂದು ಸೆಮಿಸ್ಟರ್ ಪೂರ್ತಿ ಕೂತು ಎನ್‌ವಿಡಿಎ ಓದಬಲ್ಲ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಿದ್ವಿ, ಒತ್ತಕ್ಷರ ತಪ್ಪಿದ್ದನ್ನ ಸೀನಿಯರ್ ಹುಡುಗಿಯರು ಕೈಯಾರೆ ತಿದ್ದಿದ್ರು. ಮುಂದಿನ ಬ್ಯಾಚಿಗೆ ಐದು ಜನ ಬಂದ್ರು, ಆ ಇಬ್ಬರೇ ಹೇಳಿ ಕರ್ಕೊಂಡು ಬಂದಿದ್ದು.

ಹೋದ ವರ್ಷ ಎಸ್ಟಿ ಸೀಟು ಖಾಲಿ ಉಳಿದಿದ್ದು ಐದೋ ಆರೋ. ದೇವದುರ್ಗದ ಆ ಹುಡುಗಿ ಒಂದು ವರ್ಷ ತಡವಾಗಿ ಬಂದು ಕೆಮಿಸ್ಟ್ರಿ ಸೇರಿದ್ಲು, ಅವರಪ್ಪ ಅವತ್ತು ಫೀ ರಸೀದಿಗಿಂತ ಮೊದಲು ರೂಮ್ ನಂಬರ್ ಚೀಟಿ ಕೇಳಿದ್ರು.