ಲಿಟರ್ ಟ್ರೇ ಬದಲು ದೊಡ್ಡ ಪ್ಲಾಸ್ಟಿಕ್ ಡಬ್ಬ
ದತ್ತು ಬೆಕ್ಕು ಬರುವ ಮುಂಚೆ ಲಿಟರ್ ಟ್ರೇಗೆಂದು (ಬೆಕ್ಕು ಮಲಮೂತ್ರ ಮಾಡಲು ಲಿಟರ್, ಅಂದರೆ ಮರಳಿನಂಥ ಹರಳು, ತುಂಬಿಡುವ ತಟ್ಟೆ) ದುಡ್ಡು ಹಾಕಬೇಡಿ, ಹೊದಿಕೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬವೇ ಅದಕ್ಕಿಂತ ವಾಸಿ. ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟು ಉದ್ದ ಇರಲಿ. ಬೆಳೆದ ಬೆಕ್ಕಿಗೆ ಸುಮಾರು 70 ಸೆಂ.ಮೀ. ಬೇಕಾಗುತ್ತದೆ. ಒಂದು ಬದಿಯಲ್ಲಿ ತಳದಿಂದ 12-15 ಸೆಂ.ಮೀ. ಉಳಿಸಿ ಬಾಗಿಲಿನಂತೆ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಟೇಪ್ ಸುತ್ತಿ. ಒತ್ತಿದರೆ ಬಾಗುವ ಪ್ಲಾಸ್ಟಿಕ್ ಆರಿಸಿಕೊಳ್ಳಿ, ಪೆಡಸಾದದ್ದು ಕತ್ತರಿಸುವಾಗಲೇ ಸೀಳುತ್ತದೆ. ಒಳಗೆ ಸುತ್ತು ತಿರುಗಿ ಕೆರೆಯಲು ಜಾಗ ಸಿಗುವುದರಿಂದ ಬೆಕ್ಕು ಬೇಗ ಒಪ್ಪಿಕೊಳ್ಳುತ್ತದೆ. ಗೋಡೆ ಎತ್ತರವಿರುವುದರಿಂದ ಲಿಟರ್ ಹೊರಗೆ ಚೆಲ್ಲುವುದಿಲ್ಲ, ನಿಂತೇ ಉಚ್ಚೆ ಹೊಯ್ಯುವ ಬೆಕ್ಕಿದ್ದರೂ ನೆಲ ಒದ್ದೆಯಾಗದು. ಮುಚ್ಚಳ ಮಾತ್ರ ಹಾಕಬೇಡಿ, ವಾಸನೆ ಒಳಗೇ ನಿಲ್ಲುತ್ತದೆ. ಲಿಟರ್ 5 ಸೆಂ.ಮೀ. ದಪ್ಪ ಸಾಕು. ಮೊದಲ ಕೆಲವು ವಾರಕ್ಕೆ, ಬೆಕ್ಕನ್ನು ದತ್ತು ಕೊಟ್ಟ ಆಶ್ರಯಧಾಮದಲ್ಲಿ ಬಳಸುತ್ತಿದ್ದ ಬಗೆಯದನ್ನೇ ಕೇಳಿ ತಿಳಿದು ತನ್ನಿ, ಅಗ್ಗಕ್ಕೆ ಸಿಕ್ಕಿತೆಂದು ಬೇರೆಯದು ಸುರಿದರೆ ಅದು ಮೂಲೆ ಹುಡುಕಬಹುದು, ಪಾಪ. ಪುಟ್ಟ ಮರಿಗೆ, ಕೀಲುನೋವಿನ ಮುದಿ ಬೆಕ್ಕಿಗೆ ಈ ಡಬ್ಬ ಆಗದು. ಅಷ್ಟೆತ್ತರ ದಾಟಲಾರದೆ ಪಕ್ಕದಲ್ಲೇ ಮಾಡಿಬಿಡುತ್ತವೆ. ಅವಕ್ಕೆ ತಗ್ಗು ಅಂಚಿನ ಟ್ರೇಯೇ ಬೇಕು.